ಫಾದರನ್ನು ಕೇಳಿ: ಯೇಸು ಕನ್ಯೆಯಿಂದ ಹುಟ್ಟಿದ್ದರ ಅರ್ಥವೇನು?

ಶಿವಾಜಿನಗರದವರು: ನಮಸ್ಕಾರ ಫಾದರ್. ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬ ಅಂದರೆ ಮರಿಯಮ್ಮ ಯೇಸುವನ್ನು ಗರ್ಭ ಧರಿಸಿದ ದಿನ ಅಲ್ವಾ?

ಫಾದರ್: ಅಲ್ಲ. ಅದು ಮರಿಯಮ್ಮನೇ ಅನ್ನಮ್ಮನ ಹೊಟ್ಟೆಯಲ್ಲಿ ಪಾಪದ ಕಲೆಯಿಲ್ಲದೆ ಮೂಡಿದ್ದು. ನೀವು ಹೇಳುತ್ತಿರುವುದು ಮಾರ್ಚ್ 25.

ಬಳ್ಳಾರಿಯವರು: ‘ಕನ್ಯೆ ಮಗನನ್ನು ಹೆರುವಳು’ ಅನ್ನುವ ಪ್ರವಾದಿ ಯೆಶಾಯನ ವಚನದಲ್ಲಿ (7:14) ಹೀಬ್ರೂ ಪದ ‘ಅಲ್ಮಾ’. ಹರೆಯದ ಹುಡುಗಿ ಅಂತ ಅರ್ಥ. ಅನುವಾದದ ಎಡವಟ್ಟಿನ ಮೇಲೆ ಇಷ್ಟು ದೊಡ್ಡ ನಂಬಿಕೆಯೇ?

ಫಾದರ್: ಪದದ ಮಾತು ಸರಿ. ಗ್ರೀಕಿಗೆ ತಂದ ಯೆಹೂದ್ಯರು ‘ಪಾರ್ಥೆನೋಸ್’, ಕನ್ಯೆ, ಅಂದರು. ಯೇಸುವಿನ ಕಥೆ ಬರೆದ ಮತ್ತಾಯ ಅದನ್ನು ಎತ್ತಿಕೊಂಡ. ಆದರೆ ಅದೇ ಕಥೆ ಬರೆದ ಲೂಕ ಆ ವಚನವನ್ನು ಎತ್ತಿ ಹೇಳುವುದೇ ಇಲ್ಲ, ಆದರೂ ಕನ್ಯೆಯೇ ಹೆತ್ತಳು ಅನ್ನುತ್ತಾನೆ.

ಕೋಲಾರದವರು: ವಿಜ್ಞಾನಿಗಳೇ ಒಪ್ಪಿದ್ದಾರಂತೆ! ಗಂಡಿಲ್ಲದೆ ಮರಿ ಮಾಡುವ ಹಲ್ಲಿ ಇದೆಯಂತೆ. ಎಲ್ಲರಿಗೂ ಕಳಿಸಿ.

ಫಾದರ್: ಕಳಿಸಬೇಡಿ. ಹಲ್ಲಿ ಇದೆ, ನಿಜ. ಮನುಷ್ಯರಲ್ಲಿ ಹಾಗಾದರೆ ಗಂಡುಮಗುವಿಗೆ ವೈ ಕ್ರೋಮೋಸೋಮ್ ಎಲ್ಲಿಂದ ಬರಬೇಕು? ಮರಿಯಮ್ಮನಿಗೆ ಹಲ್ಲಿಯ ಸಾಕ್ಷಿ ಬೇಡ.

ಹೆಸರು ಬೇಡ: ಮದುವೆಯಾಗಿ 6 ವರ್ಷ, ಮಕ್ಕಳಿಲ್ಲ. ‘ದೇವರಿಗೆ ಗಂಡಸೇ ಬೇಕಾಗಲಿಲ್ಲ, ಡಾಕ್ಟರ್ ಯಾಕೆ? ಮಾತ್ರೆ ಬಿಟ್ಟು 9 ದಿನ ನೊವೇನ ಪ್ರಾರ್ಥನೆ ಮಾಡಿ’ ಅಂತ ಫಾರ್ವರ್ಡ್ ಬಂತು. 4 ದಿನದಿಂದ ಥೈರಾಯ್ಡ್ ಮಾತ್ರೆ ಬಿಟ್ಟಿದ್ದೇನೆ. ಆಗಲಿಲ್ಲ ಅಂದರೆ ನನ್ನ ನಂಬಿಕೆ ಸಾಲದು ಅಂತಲೇ?

ಫಾದರ್: ಅಮ್ಮಾ, ಮೊದಲು ಡಾಕ್ಟರಿಗೆ ಫೋನ್ ಮಾಡಿ. ಇವತ್ತೇ. ನೊವೇನ ಬೇಡ ಅನ್ನುವುದಿಲ್ಲ, ಮಾತ್ರೆ ನುಂಗಿಯೂ ಜಪಮಾಲೆ ಹಿಡಿಯಬಹುದು. ಇದನ್ನು ಬರೆದವರು ಲೂಕನ ಮೊದಲ ಅಧ್ಯಾಯವನ್ನೂ ಓದಿಲ್ಲ. ಮರಿಯಮ್ಮ ಮಗುವಿಗಾಗಿ ಹರಕೆ ಹೊತ್ತವರಲ್ಲ. ಕೇಳದೆ ಬಂದದ್ದು ಅದು. ‘ಇದು ಹೇಗಾದೀತು?’ ಅಂತ ದೂತನನ್ನೇ ಕೇಳಿದರು. ಅವರ ಬಂಧು ಎಲಿಜಬೇತಮ್ಮನಿಗೆ ಮಕ್ಕಳಿರಲಿಲ್ಲ, ವಯಸ್ಸೂ ಮೀರಿತ್ತು. ಆಗಲೇ, ಗರ್ಭ ನಿಲ್ಲುವ ಮೊದಲೇ, ಗಂಡ ಹೆಂಡತಿ ಇಬ್ಬರೂ ದೇವರ ಮುಂದೆ ನೀತಿವಂತರು ಅಂತ ಬರೆದಿದೆ. 1:6 ತೆಗೆದು ನೋಡಿ. ಕನ್ಯೆ ಹೆತ್ತದ್ದು ಮಕ್ಕಳಾಗಲು ಹೇಳಿದ ಉಪಾಯವಲ್ಲ. ಆ ಮಗು ಯಾರು ಅಂತ ಹೇಳುವ ಮಾತು. ನಾವು ದುಡಿದು ಪಡೆದದ್ದಲ್ಲ, ದೇವರೇ ಕೊಟ್ಟದ್ದು. ಆದರೂ ಹೆಣ್ಣಿನ ಹೊಟ್ಟೆಯಲ್ಲೇ ಬೆಳೆದ ಪೂರ್ತಿ ಮನುಷ್ಯ. ಸಂಸಾರ ಮಾಡುವುದು ಮೈಲಿಗೆ ಅಂತ ಕೂಡ ಇದಕ್ಕೆ ಅರ್ಥವಿಲ್ಲ.

ಮೈಸೂರಿನವರು: ನಾವು ಪ್ರೊಟೆಸ್ಟೆಂಟರು. ಮಾರ್ಕ 6:3ರಲ್ಲಿ ಯೇಸುವಿನ ನಾಲ್ವರು ತಮ್ಮಂದಿರ ಹೆಸರಿದೆ. ಮರಿಯಮ್ಮ ಆಮೇಲೂ ಕನ್ಯೆಯೇ ಅನ್ನುತ್ತೀರಲ್ಲ, ಹೇಗೆ?

ಮಂಗಳೂರಿನವರು: ಚಿಕ್ಕಪ್ಪನ ಮಕ್ಕಳಿಗೂ ನಾವು ಅಣ್ಣ ತಮ್ಮ ಅನ್ನಲ್ವಾ?

ಮೈಸೂರಿನವರು: ನಾವು ಅಂತೀವಿ. ಗ್ರೀಕಿನಲ್ಲಿ ಅದಕ್ಕೆ ಬೇರೆ ಪದವಿದೆ.

ಮಂಗಳೂರಿನವರು: ತಮ್ಮಂದಿರಿದ್ದರೆ ಶಿಲುಬೆಯ ಮೇಲಿಂದ ತಾಯಿಯನ್ನು ಶಿಷ್ಯನಿಗೆ ಯಾಕೆ ಒಪ್ಪಿಸಿದರು? ಸುಮ್ನೆ ವಾದ ಬೇಡ.

ಮೈಸೂರಿನವರು: ವಾದ ಶುರು ಮಾಡಿದ್ದು ಯಾರು?

ಬೀದರದವರು: ಕುರಾನಿನ ಮರ್ಯಮ್ ಅಧ್ಯಾಯದಲ್ಲೂ ಈ ಕಥೆ ಇದೆಯಲ್ಲ ಫಾದರ್?

ಹಾಸನದವರು: ಡಿಸೆಂಬರ್ 8 ಅಂದರೆ ಯೇಸು ಗರ್ಭದಲ್ಲಿ...

ಫಾದರ್: ಮೇಲೆ ಓದಿ.

ಮೈಸೂರಿನವರು: ನನ್ನ ಪ್ರಶ್ನೆ?

ಫಾದರ್: ನಾಳೆ. ‘ಹೆಸರು ಬೇಡ’ ಅಮ್ಮಾ, ಫೋನ್ ಮಾಡಿದಿರಾ?

ಹೆಸರು ಬೇಡ: ಮಾಡಿದೆ ಫಾದರ್. ಚೆನ್ನಾಗಿ ಬೈದರು.