ಒಣಗಿದ್ಮೇಲೆ ಡಾರ್ಕ್ ಭಾಗ ಎಲ್ಲಾ ಮಂಕು, ತಿದ್ದಿದಷ್ಟೂ ಕೆಡ್ತಿದೆ. ಏನ್ ಮಾಡ್ಲಿ?

ಕುಂಚಮಿತ್ರ:
ಎಲ್ರಿಗೂ ನಮಸ್ಕಾರ. ಆಯಿಲ್‌ನಲ್ಲಿ ಒಂದು ಪೋರ್ಟ್ರೇಟ್ ಮಾಡ್ತಿದೀನಿ, ಹಿನ್ನೆಲೆ ಕಡು ಕಂದು, ಕೂದಲು ಹೆಚ್ಚುಕಮ್ಮಿ ಕಪ್ಪು, ಮುಖದ ಒಂದು ಕಡೆ ಮಾತ್ರ ಬೆಳಕು. ಬಣ್ಣ ಹಚ್ಚುವಾಗ ಎಲ್ಲಾ ಸೂಪರ್ ಆಗಿ ಕಾಣುತ್ತೆ, ಡಾರ್ಕ್ ಒಳ್ಳೆ ಆಳವಾಗಿರುತ್ತೆ, ಮುಖ ಮುಂದಕ್ಕೆ ಬಂದಿರುತ್ತೆ, ಆದ್ರೆ ಒಣಗಿದ್ಮೇಲೆ ನೋಡಿದ್ರೆ ಕೂದಲಲ್ಲಿ ಹಿನ್ನೆಲೆಯಲ್ಲಿ ಅಲ್ಲಲ್ಲಿ ಬೂದಿ ಬಳಿದಂಗೆ ಪ್ಯಾಚ್ ಪ್ಯಾಚ್. ಸರಿ ಡಾರ್ಕ್ ಸಾಲ್ಲಿಲ್ಲ ಅಂತ ಇನ್ನೊಂದು ಕೋಟ್ ಹಾಕ್ತೀನಿ, ಅದೂ ಒಣಗುತ್ತೆ, ಮತ್ತೆ ಅದೇ ಕಥೆ. ಈಗ ಆ ಜಾಗ ದಪ್ಪ ಬೇರೆ ಆಗಿದೆ, ಅದಕ್ಕೆ ಹೊಂದಿಸೋಕೆ ಅಂತ ಮುಖದ ನೆರಳನ್ನೂ ಮುಟ್ಟಿ ಅಲ್ಲೂ ಬಣ್ಣ ಕೆಸರಾಗಿದೆ. ಬಣ್ಣ ಕಳಪೆನಾ, ಕ್ಯಾನ್ವಾಸ್ ಕಳಪೆನಾ, ಇಲ್ಲಾ ನಂಗೆ ಮಿಕ್ಸಿಂಗೇ ಬರಲ್ವಾ ಗೊತ್ತಾಗ್ತಿಲ್ಲ. ಯಾರಾದ್ರೂ ದಾರಿ ತೋರ್ಸಿ ಪ್ಲೀಸ್.

ವಾರ್ನಿಶ್_ವೀರ:
ಬ್ರೋ ಟೆನ್ಷನ್ ಬೇಡ, ಹೊಳಪು ಕೊಡೋ ವಾರ್ನಿಶ್ ಸ್ಪ್ರೇ ಒಂದು ರೌಂಡ್ ಹೊಡೀರಿ, ಎಲ್ಲಾ ವಾಪಸ್ ಬರುತ್ತೆ. ಮುಗೀತು.

ಅಗಸೆಎಣ್ಣೆ:
ಸ್ವಲ್ಪ ತಡೀರಿ, ಚಿತ್ರ ಇನ್ನೂ ಮುಗಿದಿಲ್ಲ ಅಂತಿದಾರೆ, ಈಗ್ಲೇ ವಾರ್ನಿಶ್ ಹೊಡೆದ್ರೆ ಅದು ಪದರಗಳ ಮಧ್ಯೆ ಸಿಕ್ಕಾಕೊಳ್ಳುತ್ತೆ. ಮುಂದೆ ಯಾವತ್ತಾದ್ರೂ ಮೇಲಿನ ವಾರ್ನಿಶ್ ತೆಗೆದು ಕ್ಲೀನ್ ಮಾಡ್ಬೇಕು ಅಂದಾಗ ಸಾಲ್ವೆಂಟ್ ಒಳಗಿನ ಆ ವಾರ್ನಿಶ್ ಪದರಕ್ಕೂ ಇಳಿದು ಅದರ ಮೇಲಿರೋ ಬಣ್ಣವೂ ಕಿತ್ಕೊಂಡು ಬರೋ ಚಾನ್ಸ್ ಇದೆ.

ಕುಂಚಮಿತ್ರ ಅವ್ರೇ, ಒಂದಷ್ಟು ವಿಷಯ ಹೇಳಿ, ಇಲ್ದೇ ಹೋದ್ರೆ ಎಲ್ರೂ ಗಾಳೀಲಿ ಗುಂಡು ಹೊಡೆಯೋದೇ ಆಗುತ್ತೆ. ಕ್ಯಾನ್ವಾಸ್ ಮೇಲೆ ಏನು ಗ್ರೌಂಡ್ (ಬಣ್ಣಕ್ಕೆ ಮುಂಚೆ ಹಚ್ಚೋ ತಳದ ಪದರ) ಇದೆ? ಬಣ್ಣಕ್ಕೆ ಏನು ಬೆರೆಸ್ತೀರ, ಬರೀ ಟರ್ಪೆಂಟೈನಾ, ಎಣ್ಣೆನೂ ಇದೆಯಾ? ಡಾರ್ಕ್ ಯಾವ ಬಣ್ಣದಿಂದ ಮಾಡ್ತಿದೀರ? ಯಾವ ಲೈಟಲ್ಲಿ ಕೆಲಸ ಮಾಡ್ತೀರ? ಇನ್ನೊಂದು, ಕ್ಯಾನ್ವಾಸ್‌ನ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಮಂಕಾದ ಜಾಗ ಮತ್ತೆ ಪಕ್ಕದ ಜಾಗ ಎರಡೂ ಒಂದೇ ಥರ ಹೊಳೀತಾವಾ?

ಕುಂಚಮಿತ್ರ:
ಓರೆ ಮಾಡಿ ನೋಡ್ದೆ ಸರ್, ಮಂಕಾದ ಕಡೆ ಹೊಳಪೇ ಇಲ್ಲ, ಪಕ್ಕದಲ್ಲಿ ಚೆನ್ನಾಗಿ ಹೊಳೀತಿದೆ, ಮ್ಯಾಪ್ ಬರೆದಂಗೆ ಗಡಿ ಕಾಣ್ತಿದೆ. ಕ್ಯಾನ್ವಾಸ್ ರೆಡಿಮೇಡು, ಅದರ ಮೇಲೆ ನಾನೇ ಅಕ್ರಿಲಿಕ್ ಗೆಸ್ಸೋ ಹಾಕಿದೀನಿ. ಮೊದಲ ಪದರದಲ್ಲಿ ಬರೀ ಟರ್ಪು, ಆಮೇಲೂ ಜಾಸ್ತಿ ಟರ್ಪೇ, ಕೈ ಓಡ್ಲಿ ಅಂತ. ಲಿನ್ಸೀಡ್ (ಅಗಸೆ) ಎಣ್ಣೆ ಯಾವಾಗ್ಲೋ ಒಂದೊಂದ್ಸಲ. ಡಾರ್ಕ್‌ಗೆ ಬರ್ಂಟ್ ಅಂಬರ್ (ಕಂದು) ಜೊತೆ ಅಲ್ಟ್ರಾಮರೀನ್ (ನೀಲಿ), ಕೂದಲಲ್ಲಿ ಐವರಿ ಬ್ಲ್ಯಾಕ್. ಕೆಲಸ ಜಾಸ್ತಿ ರಾತ್ರೀನೇ, ಈಸೆಲ್ ಮೇಲೆ ಒಂದು ಹಳದಿ ಬಲ್ಬ್ ಇದೆ.

ಅಗಸೆಎಣ್ಣೆ:
ಹಂಗಾದ್ರೆ ಬಣ್ಣ ಕಳಪೆ ಅಲ್ಲ, ನಿಮ್ಮ ಮಿಕ್ಸಿಂಗೂ ಬಹುಶಃ ಸರಿ ಇದೆ. ಇದಕ್ಕೆ ಸಿಂಕಿಂಗ್ ಇನ್ ಅಂತಾರೆ, ಮೇಲಿನ ಬಣ್ಣದಲ್ಲಿರೋ ಎಣ್ಣೆನ ಕೆಳಗಿನ ಪದರ ಹೀರ್ಕೊಂಡ್ಬಿಡುತ್ತೆ. ಆಯಿಲ್ ಬಣ್ಣ ನೀರಿನ ಬಣ್ಣದ ಥರ ಆವಿಯಾಗಿ ಒಣಗಲ್ಲ, ಎಣ್ಣೆ ಗಾಳಿಯಲ್ಲಿರೋ ಆಮ್ಲಜನಕ ತಗೊಂಡು ನಿಧಾನಕ್ಕೆ ಗಟ್ಟಿಯಾಗಿ ಪಿಗ್ಮೆಂಟ್ (ಬಣ್ಣದ ಪುಡಿ) ಕಣಗಳನ್ನ ಹಿಡಿದಿಟ್ಕೊಳ್ಳುತ್ತೆ. ಎಣ್ಣೆ ಕೆಳಗೆ ಇಳಿದು ಹೋದ್ರೆ ಮೇಲೆ ಪಿಗ್ಮೆಂಟ್ ಬೋಳಾಗಿ ಉಳಿಯುತ್ತೆ, ಮೇಲ್ಮೈ ಒರಟಾಗುತ್ತೆ. ಬೆಳಕು ಅಲ್ಲಿ ಬಿದ್ದು ಎಲ್ಲಾ ದಿಕ್ಕಿಗೂ ಚದುರುತ್ತೆ, ಆ ಚದುರಿದ ಬಿಳಿ ಬೆಳಕೇ ನಿಮಗೆ ಬೂದಿ ಥರ ಕಾಣ್ತಿರೋದು. ತಿಳಿ ಬಣ್ಣದಲ್ಲೂ ಇದು ಆಗುತ್ತೆ, ಆದ್ರೆ ಅಲ್ಲಿಂದ ಹೇಗೂ ತುಂಬಾ ಬೆಳಕು ವಾಪಸ್ ಬರ್ತಿರುತ್ತಲ್ಲ, ಜೊತೆಗೆ ಇನ್ನೊಂಚೂರು ಸೇರಿದ್ರೆ ಕಣ್ಣಿಗೆ ಗೊತ್ತಾಗಲ್ಲ. ಡಾರ್ಕಲ್ಲಿ ಆ ಚೂರೇ ದೊಡ್ಡದಾಗಿ ಕಾಣುತ್ತೆ, ಅದಕ್ಕೇ ನಿಮ್ಮ ಮುಖದ ಬೆಳಕಿನ ಕಡೆ ಏನೂ ಆಗದೆ ಕೂದಲು ಮಾತ್ರ ಸತ್ತು ಹೋಗಿರೋದು.

ನಿಮ್ಮ ಕೇಸಲ್ಲಿ ಎಲ್ಲಾ ಕಾರಣನೂ ಒಟ್ಟಿಗೆ ಬಂದು ಕೂತಿದೆ. ಅಕ್ರಿಲಿಕ್ ಗೆಸ್ಸೋ ಹೀರುತ್ತೆ, ಕೆಲವು ಬ್ರ್ಯಾಂಡಂತೂ ಸಿಕ್ಕಾಪಟ್ಟೆ. ಟರ್ಪ್ ಜಾಸ್ತಿ ಆದ್ರೆ ಇರೋ ಎಣ್ಣೆನೂ ತೆಳ್ಳಗಾಗಿ ಸುಲಭವಾಗಿ ಕೆಳಗಿಳಿಯುತ್ತೆ. ಅಂಬರ್‌ಗಳು ಮಂಕಾಗೋದ್ರಲ್ಲಿ ಮೊದಲಿಂದಲೂ ಹೆಸರುವಾಸಿ. ಇನ್ನು ನೀವು ಹಾಕ್ತಿರೋ ಹೊಸ ಕೋಟಿಗೂ ಟರ್ಪೇ ಬೆರೆಸ್ತಿದೀರಲ್ಲ, ಆ ಬೋಳು ಪದರ ಇದನ್ನೂ ಹೀರಿ ಕೂತ್ಕೊಳ್ಳುತ್ತೆ.

ಖಾತ್ರಿ ಮಾಡ್ಕೊಳ್ಳೋಕೆ ಒಂದು ಟೆಸ್ಟ್. ಬಣ್ಣ ಮುಟ್ಟಿದ್ರೆ ಅಂಟದ ಹಾಗೆ ಒಣಗಿರ್ಬೇಕು. ಒಂದೇ ಒಂದು ಹನಿ ಲಿನ್ಸೀಡ್ ಬೆರಳಿಗೆ ಹಚ್ಕೊಂಡು ಮಂಕಾದ ಜಾಗದ ಮೂಲೇಲಿ ತೆಳ್ಳಗೆ ತಿಕ್ಕಿ. ಡಾರ್ಕ್ ತಕ್ಷಣ ಎದ್ದು ಬಂತು ಅಂದ್ರೆ ಬಣ್ಣ ಅಲ್ಲೇ ಇದೆ, ಕೆಟ್ಟಿರೋದು ಮೇಲ್ಮೈ ಮಾತ್ರ. ಎಣ್ಣೆ ಹಚ್ಚಿದ್ರೂ ಬೂದಿ ಬೂದಿಯಾಗೇ ಇದ್ರೆ ಆಗ ಮಿಕ್ಸಿಂಗ್ ಬಗ್ಗೆ ಯೋಚನೆ ಮಾಡೋಣ.

ಕುಂಚಮಿತ್ರ:
ಅಯ್ಯೋ ದೇವ್ರೇ. ಹಚ್ಚಿದ ತಕ್ಷಣ ಕಪ್ಪು ಹಂಗೇ ಎದ್ದು ಬಂತು ಸರ್! ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತೀನೇ ಡಾರ್ಕ್ ಇದೆ, ಕೂದಲಲ್ಲಿ ಮಾಡಿದ್ದ ಎಳೆಗಳೆಲ್ಲಾ ಮುಚ್ಚಿಹೋಗಿ ಒಂದೇ ಕರೀ ಮುದ್ದೆ ಆಗಿದೆ. ಹಂಗಾದ್ರೆ ಪೂರ್ತಿ ಕ್ಯಾನ್ವಾಸಿಗೆ ಎಣ್ಣೆ ಬಳಿದು ಬಿಟ್ಬಿಡ್ಲಾ?

ಅಗಸೆಎಣ್ಣೆ:
ಬೇಡ ಬೇಡ. ಎಣ್ಣೆ ಹಚ್ಚೋದು ಅವತ್ತು ಯಾವ ಜಾಗದಲ್ಲಿ ಕೆಲಸ ಮಾಡ್ತೀರೋ ಅಲ್ಲಿಗೆ ಮಾತ್ರ. ಇದನ್ನ ಆಯಿಲಿಂಗ್ ಔಟ್ ಅಂತಾರೆ. ಸ್ಟ್ಯಾಂಡ್ ಆಯಿಲ್ (ಕಾಯಿಸಿ ಮಂದ ಮಾಡಿದ ಲಿನ್ಸೀಡ್) ಇದ್ರೆ ಅದನ್ನ ವಾಸನೆ ಇಲ್ಲದ ಮಿನರಲ್ ಸ್ಪಿರಿಟ್ (ಟರ್ಪ್ ಥರ ತೆಳು ಮಾಡೋ ದ್ರವ) ಜೊತೆ ಅರ್ಧಕ್ಕರ್ಧ ಸೇರಿಸಿ, ನಾರು ಬಿಡದ ಬಟ್ಟೇಲಿ ತೆಳ್ಳಗೆ ಸವರಿ, ಒಂದೆರಡು ನಿಮಿಷ ಬಿಟ್ಟು ಒಣ ಬಟ್ಟೇಲಿ ಒರೆಸಿ ತೆಗೀರಿ. ಒರೆಸೋದೇ ಇದರಲ್ಲಿ ಮುಖ್ಯ, ಕೈಗೆ ಜಿಡ್ಡು ಹತ್ತೋವಷ್ಟು ಎಣ್ಣೆ ಉಳಿದ್ರೆ ಹೊಸ ಬಣ್ಣ ಜಾರುತ್ತೆ, ಮುಂದೆ ಅಲ್ಲಿ ಹಳದಿಯಾಗುತ್ತೆ, ಸುಕ್ಕೂ ಬರಬಹುದು. ಮೇಲೆ ಬಣ್ಣ ಹಾಕದೇ ಇರೋ ಕಡೆ ಎಣ್ಣೆ ಬಿಟ್ರೆ ಅದನ್ನ ಆಮೇಲೆ ತೆಗೆಯೋಕಾಗಲ್ಲ, ವಾರ್ನಿಶ್ ಆದ್ರೆ ತೆಗೀಬಹುದು. ಚಿತ್ರ ಮುಗಿದ ಮೇಲೆ ಉಳಿದ ಮಂಕಿಗೆಲ್ಲಾ ವಾರ್ನಿಶ್ಶೇ ಮದ್ದು, ಅಷ್ಟರ ಮಟ್ಟಿಗೆ ವೀರ ಅವ್ರು ಹೇಳಿದ್ದು ತಪ್ಪಲ್ಲ, ಟೈಮಿಂಗ್ ಅಷ್ಟೇ.

ವಾರ್ನಿಶ್_ವೀರ:
ಒಪ್ಪಿದೆ ಒಪ್ಪಿದೆ 😄 ಆದ್ರೆ ರೀಟಚ್ ವಾರ್ನಿಶ್ ಅಂತ ಇದೆಯಲ್ಲ, ಅದನ್ನ ಮಧ್ಯದಲ್ಲೇ ಹೊಡೀತಾರಲ್ಲ?

ಅಗಸೆಎಣ್ಣೆ:
ಹೊಡೀತಾರೆ, ಅದು ತುಂಬಾ ತೆಳು ಮಾಡಿದ ವಾರ್ನಿಶ್. ಒಂದು ಸಲ ಹಗುರವಾಗಿ ಹೊಡೆದ್ರೆ ಓಕೆ, ಪ್ರತೀ ಸಿಟ್ಟಿಂಗಿಗೂ ಹೊಡೆದ್ರೆ ನಾನು ಮೇಲೆ ಹೇಳಿದ್ನಲ್ಲ ಅದೇ ಪ್ರಾಬ್ಲಂ. ನನ್ನ ಕೇಳಿದ್ರೆ ಎಣ್ಣೆಗೇ ಓಟು.

ಹಳೇ_ಈಸೆಲ್:
ಕೆಮಿಸ್ಟ್ರಿ ಎಲ್ಲಾ ಅಗಸೆಎಣ್ಣೆ ಅವ್ರು ಚೆನ್ನಾಗಿ ಹೇಳಿದಾರೆ, ನಾನು ಕೆಲಸದ ಕ್ರಮದ ಬಗ್ಗೆ ಒಂದು ಮಾತು ಹೇಳ್ತೀನಿ ಯಾಕಂದ್ರೆ ಎಣ್ಣೆ ಹಚ್ಚೋದು ಕಲಿತ್ರೂ ಈ ಕ್ರಮ ಬದಲಾಗದಿದ್ರೆ ಮುಂದಿನ ಚಿತ್ರದಲ್ಲಿ ಇನ್ನೊಂದು ರೂಪದಲ್ಲಿ ಇದೇ ಬರುತ್ತೆ. ಕುಂಚಮಿತ್ರ ಅವ್ರು ಸ್ಟುಡಿಯೋಗೆ ಬಂದ ತಕ್ಷಣ ಮಂಕಾದ ಜಾಗ ನೋಡ್ತಾರೆ, ಅದನ್ನೇ ನಿಜ ಅಂತ ನಂಬ್ತಾರೆ, ಪ್ಯಾಲೆಟ್ ಮೇಲಿರೋ ಹಸಿ ಬಣ್ಣನ ಕ್ಯಾನ್ವಾಸ್ ಮೇಲಿನ ಒಣ ಬಣ್ಣಕ್ಕೆ ಹೋಲಿಸಿ ತಿದ್ದೋಕೆ ಶುರು ಮಾಡ್ತಾರೆ. ಹಸಿ ಬಣ್ಣ, ಮಂಕು ಬಣ್ಣ ಎರಡಕ್ಕೂ ಹೋಲಿಕೆನೇ ಕೂಡಲ್ಲ. ಆಮೇಲೆ ಆ ಸುಳ್ಳು ಡಾರ್ಕಿಗೆ ಮುಖದ ನೆರಳು ಹೊಂದಿಸ್ತಾರೆ, ಅಲ್ಲಿಗೆ ಇಡೀ ಚಿತ್ರದ ಟೋನ್ ಕೈತಪ್ಪಿ ಹೋಯ್ತು. ಅದಕ್ಕೇ ಕುಂಚ ಕೈಗೆ ತಗೊಳ್ಳೋಕೆ ಮುಂಚೆ ಇವತ್ತು ಕೆಲಸ ಮಾಡೋ ಭಾಗಕ್ಕೆ ಎಣ್ಣೆ ಸವರಿ ಒರೆಸಿ, ಹಿಂದೆ ಸರಿದು ಕೂತ್ಕೊಂಡು ನೋಡಿ, ಏನು ತಿದ್ಬೇಕು ಅಂತ ಆಗ ಡಿಸೈಡ್ ಮಾಡಿ. ಎಷ್ಟೋ ಸಲ ಏನೂ ತಿದ್ದೋದೇ ಬೇಡ ಅಂತ ಗೊತ್ತಾಗುತ್ತೆ. ಕಣ್ಣಿಗೆ ಅಭ್ಯಾಸ ಆಗ್ಬಿಟ್ಟಿದ್ರೆ ಕನ್ನಡಿಯಲ್ಲಿ ನೋಡಿ, ಲಿಯೊನಾರ್ಡೊ ತನ್ನ ಟಿಪ್ಪಣಿಗಳಲ್ಲೇ ಇದನ್ನ ಹೇಳಿದಾನೆ, ಬೇರೆ ಯಾರೋ ಬರೆದ ಚಿತ್ರ ನೋಡಿದ ಹಾಗಾಗಿ ತಪ್ಪು ಬೇಗ ಕಣ್ಣಿಗೆ ಬೀಳುತ್ತೆ. ಫೋನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಫೋಟೋ ತೆಗೆದ್ರೂ ಟೋನ್ ಗೊತ್ತಾಗುತ್ತೆ, ಆದ್ರೆ ಅದನ್ನೂ ಎಣ್ಣೆ ಸವರಿದ ಮೇಲೇ ತೆಗೀರಿ.

ಮೇಲಿಂದ ಮೇಲೆ ತಿದ್ದೋದು ಎಲ್ಲಿಗೆ ಹೋಗುತ್ತೆ ಅಂತ ನೋಡ್ಬೇಕಂದ್ರೆ ಅಮೆರಿಕದ ಆಲ್ಬರ್ಟ್ ಪಿಂಕಮ್ ರೈಡರ್ (1847–1917) ಚಿತ್ರಗಳನ್ನ ಹುಡುಕಿ ನೋಡಿ. ಒಂದೊಂದು ಚಿತ್ರನ ವರ್ಷಗಟ್ಟಲೆ ತಿದ್ದುತ್ತಿದ್ದ ಮನುಷ್ಯ, ಕೆಳಗಿನ ಪದರ ಒಣಗೋಕೆ ಮುಂಚೆ ಅದರ ಮೇಲೆ ಬೇಗ ಒಣಗೋ ಪದರ ಹಾಕ್ತಿದ್ದ, ಇವತ್ತು ಎಷ್ಟೋ ಚಿತ್ರ ಅಗಲ ಅಗಲ ಬಿರುಕು ಬಿಟ್ಟು ಕಪ್ಪಾಗಿ ಕೂತಿವೆ. ಕುಂಚಮಿತ್ರ ಅವ್ರ ಕೂದಲಲ್ಲೂ ಅದೇ ಅಪಾಯ ಇದೆ, ಐವರಿ ಬ್ಲ್ಯಾಕ್ ತುಂಬಾ ನಿಧಾನಕ್ಕೆ ಒಣಗುತ್ತೆ, ಅಂಬರ್‌ನಲ್ಲಿ ಮ್ಯಾಂಗನೀಸ್ ಇರೋದ್ರಿಂದ ಬೇಗ ಒಣಗುತ್ತೆ. ಕಪ್ಪಿನ ಮೇಲೆ ಟರ್ಪ್ ಬೆರೆಸಿದ ಅಂಬರ್ ಹಾಕಿದ್ರೆ ಉಲ್ಟಾ ಆಯ್ತು. ಕೆಳಗೆ ಎಣ್ಣೆ ಕಮ್ಮಿ ಇರೋದು, ಮೇಲೆ ಹೋಗ್ತಾ ಹೋಗ್ತಾ ಎಣ್ಣೆ ಚೂರು ಚೂರೇ ಜಾಸ್ತಿ, ಅದು ನೆನಪಿರ್ಲಿ.

ಆ ಹಳದಿ ಬಲ್ಬ್ ಮೊದಲು ತೆಗೀರಿ ಮಾರಾಯ್ರೇ. 2700 ಕೆಲ್ವಿನ್ ಥರದ ಹಳದಿ ಬೆಳಕಲ್ಲಿ ನೀಲಿ ಸೊರಗಿ ಕಾಣುತ್ತೆ, ನೀವು ಅಲ್ಟ್ರಾಮರೀನ್ ಸುರೀತಾ ಹೋಗ್ತೀರ, ಬೆಳಿಗ್ಗೆ ನೋಡಿದ್ರೆ ನೆರಳೆಲ್ಲಾ ತಣ್ಣಗೆ ನೀಲಿಯಾಗಿರುತ್ತೆ. 4000 ದಿಂದ 5000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಳತೆ) 90ಕ್ಕಿಂತ ಜಾಸ್ತಿ ಇರೋದು ಹಾಕಿ, ಪ್ಯಾಲೆಟಿಗೂ ಕ್ಯಾನ್ವಾಸಿಗೂ ಒಂದೇ ಬೆಳಕು ಬೀಳ್ಬೇಕು. ಲೈಟ್ ಮೇಲಿಂದ ಓರೆಯಾಗಿ ಬರ್ಲಿ, ಎದುರಿಗೇ ಇಟ್ರೆ ಹೊಳಪು ಕಣ್ಣಿಗೆ ಹೊಡೆದು ಡಾರ್ಕ್ ನೋಡೋಕೇ ಆಗಲ್ಲ.

ಚುಕ್ಕಿಗೆರೆ:
ನಡುವೆ ಬಾಯಿ ಹಾಕ್ತಿದೀನಿ, ಮಂಕಾಗೋದೇ ಒಂದು ರೋಗ ಅನ್ನೋ ಥರ ಮಾತಾಡ್ಬೇಡಿಪ್ಪಾ 🙂 ಫ್ರಾನ್ಸಿನ ಚಿತ್ರಕಾರ ಡೆಗಾ ಬೇಕಂತಲೇ ಬಣ್ಣನ ಹೀರೋ ಕಾಗದದ ಮೇಲೆ ಹಾಕಿ ಎಣ್ಣೆ ತೆಗೆದು, ಟರ್ಪೆಂಟೈನ್ ಬೆರೆಸಿ ಪೇಂಟ್ ಮಾಡ್ತಿದ್ದ, ಅವನಿಗೆ ಪೇಸ್ಟಲ್ ಥರ ಹೊಳಪಿಲ್ಲದ ಮೇಲ್ಮೈ ಬೇಕಿತ್ತು. ಮೋನೆ, ಪಿಸಾರೋ ಇವರೆಲ್ಲಾ ವಾರ್ನಿಶ್ ಇಲ್ಲದ ಮೇಲ್ಮೈನೇ ಇಷ್ಟ ಪಡ್ತಿದ್ದವರು. ಪೂರ್ತಿ ಮ್ಯಾಟ್ ಇದ್ರೆ ಅದೂ ಒಂದು ಚೆಂದ.

ಹಳೇ_ಈಸೆಲ್:
ಮೇಡಂ ನಿಮ್ಮ ಮಾತು ಸರಿ, ಆದ್ರೆ ಅವರ ಚಿತ್ರಗಳಲ್ಲಿ ಬೆಳಕು ಜಾಸ್ತಿ, ಇವರದ್ದು ಕತ್ತಲೆಯಿಂದ ಮುಖ ಎದ್ದು ಬರೋ ಚಿತ್ರ. ಆ ಆಳ ಮ್ಯಾಟಲ್ಲಿ ಸಿಗಲ್ಲ. ಅದೂ ಅಲ್ದೆ ಅರ್ಧ ಹೊಳಪು ಅರ್ಧ ಮಂಕು ಅಂದ್ರೆ ಯಾರಿಗೂ ಚೆಂದ ಅಲ್ಲ.

ಚುಕ್ಕಿಗೆರೆ:
ಅದು ಒಪ್ಪೋ ಮಾತೇ. ಕುಂಚಮಿತ್ರ, ಮುಂದಿನ ಕ್ಯಾನ್ವಾಸಿಗೆ ಒಂದು ಟಿಪ್: ಗೆಸ್ಸೋ ಒಣಗಿದ ಮೇಲೆ ಅಕ್ರಿಲಿಕ್ ಮ್ಯಾಟ್ ಮೀಡಿಯಂನ ನೀರು ಬೆರೆಸಿ ತೆಳ್ಳಗೆ ಒಂದು ಕೈ ಹೊಡೀರಿ, ಹೀರೋದು ಕಮ್ಮಿ ಆಗುತ್ತೆ. ದಪ್ಪ ಹೊಡೀಬೇಡಿ, ಆಯಿಲ್ ಹಿಡ್ಕೊಳ್ಳೋಕೆ ಸ್ವಲ್ಪ ಹೀರುವಿಕೆನೂ ಬೇಕು. ಈಗಿರೋ ಚಿತ್ರದ ಮೇಲೆ ಮಾತ್ರ ಅಕ್ರಿಲಿಕ್ ಏನೂ ತಗೊಂಡು ಹೋಗ್ಬೇಡಿ, ಆಯಿಲ್ ಮೇಲೆ ಅದು ನಿಲ್ಲಲ್ಲ.

ಕುಂಚಮಿತ್ರ:
ಲೈಟ್ ಬದಲಾಯಿಸ್ದೆ, ಎಣ್ಣೆ ಸವರಿ ಒರೆಸಿ ನೋಡ್ದೆ. ಹಿನ್ನೆಲೆಯಲ್ಲಿ ಏನೂ ಮಾಡೋದೇ ಬೇಡ ಅನ್ಸ್ತು, ಹಾಗೇ ಬಿಟ್ಟೆ. ಮುಖದ ನೆರಳು ನೀಲಿ ಹೊಡೀತಿತ್ತು, ಅದರ ಮೇಲೆ ಬರ್ಂಟ್ ಸಿಯೆನ್ನಾದ್ದು (ಕೆಂಪು ಕಂದು) ತೆಳು ಗ್ಲೇಜ್, ಅಂದ್ರೆ ಪಾರದರ್ಶಕ ಪದರ, ಹಾಕಿದ್ಮೇಲೆ ಜೀವ ಬಂತು. ಕೂದಲೇ ತಲೆನೋವು, ಆ ದಪ್ಪ ಮುದ್ದೆ ಎಷ್ಟೇ ಎಣ್ಣೆ ಹಚ್ಚಿದ್ರೂ ಮುದ್ದೇನೇ. ಸ್ಯಾಂಡ್‌ಪೇಪರಲ್ಲಿ ಉಜ್ಜಿ ತೆಗೀಲಾ?

ಅಗಸೆಎಣ್ಣೆ:
ಒಣಗಿದ್ದನ್ನ ಒಣದಾಗೇ ಉಜ್ಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ, ಅಂಬರ್ ಧೂಳು ಅಂದ್ರೆ ಮ್ಯಾಂಗನೀಸ್ ಬೇರೆ. ಉಗುರಲ್ಲಿ ಒತ್ತಿ ನೋಡಿ, ಒಳಗೆ ಇನ್ನೂ ಮೆತ್ತಗಿದ್ರೆ ಪ್ಯಾಲೆಟ್ ನೈಫ್ ಮಟ್ಟಸವಾಗಿ ಹಿಡಿದು ಕೆರೆದು ತೆಗೀರಿ, ಕೆಳಗಿನ ಪದರ ಕಂಡ ತಕ್ಷಣ ನಿಲ್ಸಿ. ಆಮೇಲೆ ಕೆಲವು ದಿನ ಸುಮ್ನೆ ಬಿಡಿ. ಮತ್ತೆ ಕೂದಲು ಮಾಡುವಾಗ ಟ್ಯೂಬಿಂದ ಕಪ್ಪು ನೇರವಾಗಿ ಬೇಡ, ಅಂಬರ್ ಅಲ್ಟ್ರಾಮರೀನ್ ಮಿಕ್ಸಿಗೆ ಒಂಚೂರು ಎಣ್ಣೆ ಸೇರಿಸಿ, ಮೊದಲು ಕೂದಲಿನ ದೊಡ್ಡ ಆಕಾರ, ಕೊನೆಗೆ ನಾಲ್ಕೇ ನಾಲ್ಕು ಎಳೆ.

ಕುಂಚಮಿತ್ರ:
ನೈಫಲ್ಲೇ ಬಂತು ಸರ್, ಒಳಗೆ ಹಸಿ ಬೆಣ್ಣೆ ಇದ್ದಂಗಿತ್ತು! ಕೆಳಗೆ ಮೊದಲ ಪದರದ ಡ್ರಾಯಿಂಗ್ ಇನ್ನೂ ಚೆನ್ನಾಗೇ ಉಳಿದಿದೆ. ಎಲ್ರಿಗೂ ತುಂಬಾ ಥ್ಯಾಂಕ್ಸ್. ಫೈನಲ್ ವಾರ್ನಿಶ್ ಯಾವಾಗ ಮಾಡ್ಲಿ?

ವಾರ್ನಿಶ್_ವೀರ:
ಈ ಪ್ರಶ್ನೆ ನಂದು 😎 ಹಳೇ ಲೆಕ್ಕದಲ್ಲಿ 6 ತಿಂಗಳಿಂದ 1 ವರ್ಷ. ಈಗಿನ ಕೆಲವು ಸಿಂಥೆಟಿಕ್ ರೆಸಿನ್ ವಾರ್ನಿಶ್‌ಗಳನ್ನ ಬಣ್ಣ ಪೂರ್ತಿ ಗಟ್ಟಿಯಾದ್ರೆ ಅದಕ್ಕಿಂತ ಮುಂಚೆನೂ ಹಚ್ಚಬಹುದು, ಡಬ್ಬಿ ಮೇಲೆ ಬರೆದಿರ್ತಾರೆ, ಓದಿ. ಈ ಸಲ ನಾನೂ ಅರ್ಜೆಂಟ್ ಮಾಡಲ್ಲ.

ಹಳೇ_ಈಸೆಲ್:
ಒಂದು ಮುಖ್ಯವಾದ್ದು ಯಾರೂ ಹೇಳಿಲ್ಲ. ಆ ಎಣ್ಣೆ ಒರೆಸಿದ ಬಟ್ಟೆಗಳನ್ನ ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೀಬೇಡಿ. ಲಿನ್ಸೀಡ್ ಗಾಳಿ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತೆ, ಮಡಿಕೆ ಒಳಗೆ ಆ ಬಿಸಿ ಹೊರಗೆ ಹೋಗೋಕಾಗದೆ ತಾನಾಗೇ ಬೆಂಕಿ ಹತ್ಕೊಳ್ಳಬಹುದು. ಮುಚ್ಚಳ ಇರೋ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಅದರೊಳಗೆ ಹಾಕಿ, ಇಲ್ಲಾಂದ್ರೆ ಹೊರಗಡೆ ಒಂದೊಂದನ್ನೂ ಬಿಡಿಸಿ ಹರಡಿ ಗಟ್ಟಿಯಾಗೋವರೆಗೆ ಒಣಗಿಸಿ. ರಾತ್ರಿ ಕೆಲಸ ಮಾಡೋರು ನೀವು, ಮಲಗೋಕೆ ಹೋಗೋ ಮುಂಚೆ ಇದನ್ನ ಮಾಡಿ ಹೋಗಿ. ಕಿಟಕಿನೂ ತೆಗೆದಿಡಿ, ಟರ್ಪ್ ವಾಸನೇಲಿ ಗಂಟೆಗಟ್ಟಲೆ ಕೂರೋದು ಬೇಡ.

ಕುಂಚಮಿತ್ರ:
ಅಯ್ಯೋ, ಆ ಬಟ್ಟೆ ಈಗ ಬುಟ್ಟೀಲೇ ಇದೆ. ಹೋದೆ, ತೆಗೆದು ಬರ್ತೀನಿ.