ಒಂದೂವರೆ ವರ್ಷದ ಮಗುವಿಗೆ ಮೂರು ವಾರದಿಂದ ಭೇದಿ, ಮೈಮೇಲೆ ದದ್ದು: ಹಾಲು, ಗೋಧಿ, ಮೊಟ್ಟೆ ಮೂರನ್ನೂ ನಿಲ್ಲಿಸಬೇಕೇ?

ಪ್ರಶ್ನೆ

ಮಗಳಿಗೆ 18 ತಿಂಗಳು. ಮೂರು ವಾರದಿಂದ ದಿನಕ್ಕೆ ನಾಲ್ಕೈದು ಸಲ ತೆಳ್ಳಗೆ ಕಕ್ಕ ಮಾಡುತ್ತಿದ್ದಾಳೆ. ಆಗಾಗ ಲೋಳೆ ಇರುತ್ತದೆ, ರಕ್ತ ಇಲ್ಲ. ಜ್ವರ, ವಾಂತಿ ಇಲ್ಲ. ತೂಕ ಇಳಿದಿಲ್ಲ, ಆಟಕ್ಕೂ ಕೊರತೆ ಇಲ್ಲ. ಊಟವಾದ ಕೂಡಲೇ ಬಾಯಿಯ ಸುತ್ತ ಕೆಂಪಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಮೊಣಕೈ ಮತ್ತು ಮಂಡಿಯ ಮಡಿಕೆಗಳಲ್ಲಿ ಒರಟಾದ ದದ್ದು, ರಾತ್ರಿ ತುರಿಕೆ. ದಿನಕ್ಕೆ ಹಸುವಿನ ಹಾಲು 600 ಮಿ.ಲೀ., ಸೇಬಿನ ಜ್ಯೂಸ್ ಸುಮಾರು 200 ಮಿ.ಲೀ. ಕುಡಿಯುತ್ತಾಳೆ. ಟೊಮೆಟೊ, ಕಿತ್ತಳೆ ಬಲು ಇಷ್ಟ. ಹಾಲು, ಗೋಧಿ, ಮೊಟ್ಟೆ ಮೂರನ್ನೂ ಒಟ್ಟಿಗೆ ನಿಲ್ಲಿಸಿದರೆ ಬೇಗ ಗೊತ್ತಾಗುತ್ತದೆಯೇ? ಅಥವಾ ರಕ್ತದಲ್ಲಿ ಅಲರ್ಜಿ ಪರೀಕ್ಷೆ ಮಾಡಿಸುವುದೇ ಒಳ್ಳೆಯದೇ?

ಉತ್ತರ 1

ಮೂರನ್ನೂ ಒಟ್ಟಿಗೆ ನಿಲ್ಲಿಸಬೇಡಿ. ಮಗು ಸುಧಾರಿಸಿದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಬೆಳೆಯುವ ಮಗುವಿನ ತಟ್ಟೆಯಿಂದ ಮೂರು ಮುಖ್ಯ ಆಹಾರ ಮಾತ್ರ ಸುಮ್ಮನೆ ಹೋಗಿಬಿಡುತ್ತವೆ.

ಮೊದಲು ಗಡಿಯಾರ ನೋಡಿ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಪಿತ್ತದ ಗಂಧೆ ಏಳುವುದು, ತುಟಿ ಅಥವಾ ಕಣ್ಣು ಊದುವುದು, ವಾಂತಿ ಆಗುವುದು ತಕ್ಷಣದ ಅಲರ್ಜಿಯ ಲಕ್ಷಣ. ಹಲವು ಗಂಟೆ ಅಥವಾ ಒಂದೆರಡು ದಿನ ಬಿಟ್ಟು ಭೇದಿ, ಲೋಳೆ, ಇಸುಬಿನ (ಎಕ್ಸಿಮಾ, ಮಡಿಕೆಗಳಲ್ಲಿ ಏಳುವ ತುರಿಕೆಯ ಒರಟು ದದ್ದು) ಕೆರಳಿಕೆ ಬಂದರೆ ಅದು ನಿಧಾನದ ಬಗೆ. ನಿಮ್ಮ ವಿವರದಲ್ಲಿ ಬಾಯಿಯ ಕೆಂಪು ಒಂದು ಕಥೆ, ಭೇದಿ ಮತ್ತು ಮಡಿಕೆಯ ದದ್ದು ಇನ್ನೊಂದು ಕಥೆ ಇರಬಹುದು. ಎರಡನ್ನೂ ಗಂಟು ಹಾಕಿದರೆ ದಾರಿ ತಪ್ಪುತ್ತೀರಿ.

ಟೊಮೆಟೊ, ಕಿತ್ತಳೆಯ ಹುಳಿ ರಸ ತಾಗಿದ ಜಾಗದಲ್ಲಷ್ಟೇ ಕೆಂಪಾಗಿ ಬೇಗ ಇಳಿದರೆ ಅದು ಬಹುಮಟ್ಟಿಗೆ ಚರ್ಮದ ಉರಿ, ಅಲರ್ಜಿಯಲ್ಲ. ಊಟಕ್ಕೆ ಮುಂಚೆ ಬಾಯಿಯ ಸುತ್ತ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ, ಊಟವಾದ ಮೇಲೆ ಉಜ್ಜದೆ ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಕೆಂಪು ಬರುವುದು ನಿಂತರೆ ಉತ್ತರ ಸಿಕ್ಕಿತು. ರಸ ತಾಗದ ಜಾಗದಲ್ಲೂ ಗಂಧೆ ಎದ್ದರೆ ಮಾತ್ರ ಲೆಕ್ಕ ಬೇರೆ. ಆ ಆಹಾರವನ್ನು ಮತ್ತೆ ಕೊಡದೆ ವೈದ್ಯರಿಗೆ ತೋರಿಸಿ.

ಇನ್ನು ಜ್ಯೂಸ್. ನನ್ನ ಮೊದಲ ಅನುಮಾನ ಇದರ ಮೇಲೇ. ಸೇಬಿನ ರಸದಲ್ಲಿ ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ಹೆಚ್ಚು, ಜೊತೆಗೆ ಸಾರ್ಬಿಟಾಲ್ ಎಂಬ ಸಕ್ಕರೆಯಂಥದೇ ವಸ್ತು ಇದೆ. ಪುಟ್ಟ ಕರುಳು ಇವೆರಡನ್ನೂ ಪೂರ್ತಿ ಹೀರಿಕೊಳ್ಳಲಾರದು. ಉಳಿದ ಸಕ್ಕರೆ ನೀರನ್ನು ಎಳೆದುಕೊಂಡು ಮಲವನ್ನು ತೆಳ್ಳಗೆ ಮಾಡುತ್ತದೆ. ಈ ವಯಸ್ಸಿಗೆ ದಿನಕ್ಕೆ 120 ಮಿ.ಲೀ. ದಾಟಬಾರದು ಎನ್ನುತ್ತಾರೆ, ನಿಮ್ಮದು 200. ಎರಡು ವಾರ ಪೂರ್ತಿ ನಿಲ್ಲಿಸಿ, ಬದಲಿಗೆ ನೀರು ಕೊಡಿ. ಹಾಲನ್ನು 400–500ಕ್ಕೆ ಇಳಿಸಿ. ಹಾಲಿನಿಂದಲೇ ಹೊಟ್ಟೆ ತುಂಬಿದರೆ ಊಟ ಹೋಗುವುದಿಲ್ಲ, ಕಬ್ಬಿಣದ ಕೊರತೆಯೂ ಬರುತ್ತದೆ. ಈ ಎರಡು ವಾರ ಬೇರೆ ಏನನ್ನೂ ಬದಲಿಸಬೇಡಿ.

ಉತ್ತರ 2

ಪರೀಕ್ಷೆಯ ಬಗ್ಗೆ. ಚರ್ಮಕ್ಕೆ ಚುಚ್ಚಿ ಮಾಡುವ ಪರೀಕ್ಷೆ, ರಕ್ತದ ಐಜಿಇ (ತಕ್ಷಣದ ಅಲರ್ಜಿ ತರುವ ಪ್ರತಿಕಾಯ) ಪರೀಕ್ಷೆ ಎರಡೂ ತಕ್ಷಣದ ಅಲರ್ಜಿಗೆ. ನಿಧಾನದ ಬಗೆಯನ್ನು ಅವು ಹಿಡಿಯುವುದಿಲ್ಲ. ಲಕ್ಷಣವಿಲ್ಲದ ಆಹಾರಗಳಿಗೂ ಸೇರಿಸಿ ದೊಡ್ಡ ಪಟ್ಟಿ ಮಾಡಿಸಿದರೆ ಸುಳ್ಳು ಪಾಸಿಟಿವ್ ಬಂದು, ಸುಖವಾಗಿ ತಿನ್ನುತ್ತಿದ್ದುದನ್ನೂ ನಿಲ್ಲಿಸಬೇಕಾಗುತ್ತದೆ. ‘ಫುಡ್ ಇನ್‌ಟಾಲರೆನ್ಸ್’ ಎಂದು ಮಾರುವ ಐಜಿಜಿ (ಇನ್ನೊಂದು ಬಗೆಯ ಪ್ರತಿಕಾಯ) ಪರೀಕ್ಷೆಗಂತೂ ದುಡ್ಡು ಹಾಕಲೇಬೇಡಿ. ಮಗು ಆ ಆಹಾರ ತಿಂದಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ.

ಗೋಧಿಯ ವಿಷಯದಲ್ಲಿ ಒಂದು ಎಚ್ಚರಿಕೆ: ಸೀಲಿಯಾಕ್ ರೋಗದ (ಗೋಧಿಯ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ಅನುಮಾನವಿದ್ದರೆ ಮೊದಲು ರಕ್ತಪರೀಕ್ಷೆ (ಟಿಟಿಜಿ-ಐಜಿಎ ಎಂಬ ಪ್ರತಿಕಾಯ, ಜೊತೆಗೆ ಒಟ್ಟು ಐಜಿಎ), ಆಮೇಲಷ್ಟೇ ಗೋಧಿ ಬಿಡಿಸುವುದು. ಗೋಧಿ ಬಿಟ್ಟು ಕೆಲವು ವಾರವಾದ ಮೇಲೆ ಮಾಡಿಸಿದರೆ ರೋಗವಿದ್ದರೂ ಫಲಿತಾಂಶ ನೆಗೆಟಿವ್ ಬರಬಹುದು. ಮೂರು ವಾರದ ಭೇದಿ ಎಂದಮೇಲೆ ಮಲಪರೀಕ್ಷೆಯನ್ನೂ ಮಾಡಿಸಿ. ಜಿಯಾರ್ಡಿಯಾ ಎಂಬ ಪರಾವಲಂಬಿ ಹೀಗೇ ಎಳೆದಾಡಿಸುತ್ತದೆ.

ಪ್ರಶ್ನೆ ಕೇಳಿದವರು

ಜ್ಯೂಸ್ ಇವತ್ತೇ ನಿಲ್ಲಿಸುತ್ತೇನೆ. ಅದರಿಂದಲೂ ಕಡಿಮೆಯಾಗದಿದ್ದರೆ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇಲ್ಲದ ಹಾಲು ಅಥವಾ ಮೇಕೆ ಹಾಲು ಕೊಟ್ಟು ನೋಡಬಹುದೇ?

ಉತ್ತರ 3

ಹಾಲಿನ ಪ್ರೋಟೀನಿನ ಅಲರ್ಜಿ ಅನುಮಾನವಿದ್ದರೆ ಎರಡೂ ಪ್ರಯೋಜನಕ್ಕೆ ಬಾರವು. ಲ್ಯಾಕ್ಟೋಸ್ ತೆಗೆದ ಹಾಲಿನಲ್ಲಿ ಪ್ರೋಟೀನ್ ಹಾಗೇ ಇರುತ್ತದೆ. ಮೇಕೆ ಹಾಲಿನ ಪ್ರೋಟೀನ್ ಹಸುವಿನದನ್ನೇ ಹೋಲುವುದರಿಂದ ಹೆಚ್ಚಿನ ಮಕ್ಕಳಿಗೆ ಅದೂ ಆಗುವುದಿಲ್ಲ. ಎಮ್ಮೆ ಹಾಲೂ ಅಷ್ಟೇ. ಅಲ್ಲದೆ ಲ್ಯಾಕ್ಟೋಸ್ ತೊಂದರೆ ಇಸುಬನ್ನು ತರುವುದಿಲ್ಲ. ಈ ವಯಸ್ಸಿನಲ್ಲಿ ಲ್ಯಾಕ್ಟೋಸ್ ತೊಂದರೆ ಬರುವುದು ಸಾಮಾನ್ಯವಾಗಿ ಹೊಟ್ಟೆಯ ಸೋಂಕಿನ ನಂತರ, ಕೆಲವು ವಾರಗಳ ಮಟ್ಟಿಗೆ. ಮೂರು ವಾರದ ಹಿಂದೆ ಸೋಂಕಿನಿಂದಲೇ ಇದು ಶುರುವಾಗಿದ್ದರೆ ವೈದ್ಯರಿಗೆ ಅದನ್ನು ಮರೆಯದೆ ಹೇಳಿ.

ಹಾಲನ್ನು ನಿಲ್ಲಿಸಿ ನೋಡುವುದಾದರೆ ವೈದ್ಯರಿಗೆ ತಿಳಿಸಿಯೇ ಮಾಡಿ. ಇಸುಬಿರುವ ಮಗುವಿಗೆ ಒಂದು ಆಹಾರವನ್ನು ಬಹುಕಾಲ ಬಿಡಿಸಿ ಮತ್ತೆ ಕೊಟ್ಟಾಗ, ಮೊದಲು ಇಲ್ಲದ ತಕ್ಷಣದ ಅಲರ್ಜಿ ಕಾಣಿಸಿಕೊಂಡದ್ದುಂಟು. ನಿಲ್ಲಿಸುವ ಮುಂಚೆ ಒಂದು ವಾರ ದಿನಚರಿ ಬರೆಯಿರಿ: ಏನು, ಎಷ್ಟು, ಎಷ್ಟು ಹೊತ್ತಿಗೆ, ಎಷ್ಟು ಸಲ ಕಕ್ಕ. ದದ್ದಿನ ಫೋಟೋವನ್ನು ದಿನವೂ ಒಂದೇ ಬೆಳಕಿನಲ್ಲಿ ತೆಗೆಯಿರಿ. ಇಸುಬಿಗೆ ದಿನಕ್ಕೆರಡು ಸಲ ಮಾಯಿಶ್ಚರೈಸರ್ ಹಚ್ಚುವುದನ್ನೂ ಈಗಲೇ ಶುರುಮಾಡಿ, ಮಧ್ಯದಲ್ಲಿ ಬದಲಿಸಬೇಡಿ. ಇಲ್ಲದಿದ್ದರೆ ಕ್ರೀಮಿನಿಂದ ಬಂದ ಗುಣವನ್ನು ಹಾಲು ಬಿಟ್ಟದ್ದರ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ.

ಆಮೇಲೆ 2ರಿಂದ 4 ವಾರ ಹಾಲು, ಮೊಸರು, ಬೆಣ್ಣೆ, ಗಿಣ್ಣು ಪೂರ್ತಿ ಬಂದ್. ಪ್ಯಾಕೆಟ್ ಮೇಲೆ ಕೇಸಿನ್, ಕೇಸಿನೇಟ್, ವ್ಹೇ, ಹಾಲಿನ ಪುಡಿ ಎಂಬ ಪದಗಳನ್ನು ಹುಡುಕಿ, ಇವೆಲ್ಲ ಹಾಲಿನಿಂದಲೇ ಬಂದವು. ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ: ಒಂದು ಬಿಸ್ಕತ್ತಿನಲ್ಲಿ ಹಾಲಿನ ಪುಡಿ ಇದ್ದರೂ ನಾಲ್ಕು ವಾರದ ಶ್ರಮ ನೀರಿಗೆ. ಬದಲಿಗೆ ಸಕ್ಕರೆ ಹಾಕದ, 100 ಮಿ.ಲೀ.ಗೆ ಸುಮಾರು 120 ಮಿ.ಗ್ರಾಂ ಕ್ಯಾಲ್ಸಿಯಂ ಬೆರೆಸಿದ ಸೋಯಾ ಪಾನೀಯ ಕೊಡಬಹುದು. ಕ್ಯಾಲ್ಸಿಯಂ ತಳಕ್ಕೆ ಕೂರುತ್ತದೆ, ಪ್ರತಿ ಸಲ ಚೆನ್ನಾಗಿ ಅಲುಗಿಸಿ ಬಗ್ಗಿಸಿ. ಕೆಲವು ಮಕ್ಕಳಿಗೆ ಸೋಯಾ ಕೂಡ ಆಗದು, ಗಮನವಿರಲಿ. ಬಾದಾಮಿ ಪಾನೀಯದಲ್ಲಿ ಪ್ರೋಟೀನ್ ತೀರಾ ಕಡಿಮೆ.

ಸುಧಾರಿಸಿತು ಎಂದು ಅಲ್ಲಿಗೇ ನಿಲ್ಲಬೇಡಿ. ಭೇದಿ ತಾನಾಗಿಯೇ ನಿಂತಿರಲೂಬಹುದು. ವೈದ್ಯರು ಒಪ್ಪಿದರೆ ಮೊದಲ ದಿನ 30 ಮಿ.ಲೀ., ಮರುದಿನ 60, ಆಮೇಲೆ 90, ಹೀಗೆ ಏರಿಸುತ್ತಾ ಒಂದು ವಾರ ಹಾಲನ್ನು ಮತ್ತೆ ಕೊಡಿ. ಅದೇ ಲಕ್ಷಣ ಮರಳಿದರೆ, ಮತ್ತೆ ನಿಲ್ಲಿಸಿದಾಗ ಹೋದರೆ, ಆಗ ಹಾಲೇ ಕಾರಣ ಎನ್ನಿ. ಮರಳದಿದ್ದರೆ ಹಾಲನ್ನು ಧಾರಾಳವಾಗಿ ತಟ್ಟೆಗೆ ವಾಪಸ್ ತನ್ನಿ. ಹಿಂದೆ ಎಂದಾದರೂ ತಕ್ಷಣದ ಗಂಧೆ, ಊತ ಅಥವಾ ಬಿಡದೆ ವಾಂತಿ ಆಗಿದ್ದರೆ ಮಾತ್ರ ಈ ಹೆಜ್ಜೆ ಮನೆಯಲ್ಲಿ ಬೇಡ, ಆಸ್ಪತ್ರೆಯಲ್ಲೇ ಆಗಬೇಕು.

ಉತ್ತರ 2 ಬರೆದವರು

ಒಂದು ಮಾತು ಬಿಟ್ಟುಹೋಗಿತ್ತು. ಬಾಯಿಯ ಸುತ್ತಲಿನ ಕೆಂಪು ಇಳಿಯದೆ ಉಳಿದು, ಗುದದ ಸುತ್ತಲೂ ಅಂಥದೇ ಗಾಯ ಕಂಡು, ಕೂದಲೂ ಉದುರುತ್ತಿದ್ದರೆ ಸತುವಿನ (ಜಿಂಕ್) ಕೊರತೆ ಪರೀಕ್ಷಿಸಿ ಎಂದು ಕೇಳಿ. ಅದು ಅಪರೂಪ, ಆದರೆ ಭೇದಿ ಮತ್ತು ದದ್ದು ಒಟ್ಟಿಗೆ ಬರುವ ಕಾಯಿಲೆಗಳಲ್ಲಿ ಅದೂ ಒಂದು.

ಪ್ರಯೋಗ ಮುಗಿಯಲಿ ಎಂದು ಕಾಯಬಾರದ ಲಕ್ಷಣಗಳೂ ಇವೆ: ಮಲದಲ್ಲಿ ರಕ್ತ, ಹಸಿರು ವಾಂತಿ, ತೂಕ ಇಳಿಯುವುದು, ಆರೆಂಟು ಗಂಟೆ ಮೂತ್ರವಿಲ್ಲದಿರುವುದು, ಒತ್ತಿದರೂ ಮಾಸದ ಕೆಂಪು ಚುಕ್ಕೆಗಳು. ತಿಂದ ಒಂದರಿಂದ ನಾಲ್ಕು ಗಂಟೆಯೊಳಗೆ ಮೇಲಿಂದ ಮೇಲೆ ವಾಂತಿಯಾಗಿ ಮಗು ಬಿಳಿಚಿಕೊಂಡು ಜೋತುಬಿದ್ದರೆ, ಅಥವಾ ಉಸಿರಿಗೆ ಕಷ್ಟಪಟ್ಟರೆ, ನಾಲಿಗೆ ಊದಿದರೆ ತಕ್ಷಣ ತುರ್ತು ಚಿಕಿತ್ಸೆಗೆ ಒಯ್ಯಿರಿ. ಇಂಥ ತುರ್ತು ಲಕ್ಷಣಗಳಿಲ್ಲದಿದ್ದರೆ, ಭೇದಿ ನಿಲ್ಲುವವರೆಗೆ ಪ್ರತಿ ತೆಳು ಭೇದಿಯ ನಂತರ 50–100 ಮಿ.ಲೀ. ಓಆರ್‌ಎಸ್ ಅನ್ನು ಚಮಚದಲ್ಲಿ ಕೊಡುತ್ತಾ ಇರಿ.