ಸೋತ ತಂಡ ತನ್ನ ಉತ್ತಮ ಆಟಗಾರನನ್ನೂ ಬಿಟ್ಟುಕೊಡಬೇಕೇ?

ಪ್ರಶ್ನೆ:
2024ರಲ್ಲಿ 162 ಪಂದ್ಯಗಳ ಪೈಕಿ 121ರಲ್ಲಿ ಸೋತ ಅಮೆರಿಕದ ಬೇಸ್‌ಬಾಲ್ ತಂಡ ಚಿಕಾಗೊ ವೈಟ್ ಸಾಕ್ಸ್, ಅದೇ ಡಿಸೆಂಬರಿನಲ್ಲಿ ತನ್ನ ಅತ್ಯುತ್ತಮ ಪಿಚರ್ (ಚೆಂಡೆಸೆಯುವ ಆಟಗಾರ) ಗ್ಯಾರೆಟ್ ಕ್ರೋಶೆಯನ್ನು ಬಾಸ್ಟನ್ ರೆಡ್ ಸಾಕ್ಸ್‌ಗೆ ಬಿಟ್ಟುಕೊಟ್ಟಿತು. ಅವರನ್ನು ಉಳಿಸಿಕೊಂಡು, ಅನುಭವಿಗಳನ್ನು ಸೇರಿಸಿಕೊಳ್ಳುವುದು ಮೇಲಾಗಿರಲಿಲ್ಲವೇ?

ಉತ್ತರ 1:
ಇಲ್ಲವೆಂದೇ ನನ್ನ ಅಭಿಪ್ರಾಯ. ಕ್ರೋಶೆಯ ಮೇಲೆ ತಂಡಕ್ಕಿದ್ದ ಹಕ್ಕು 2026ರವರೆಗೆ ಮಾತ್ರ; ಅಷ್ಟರೊಳಗೆ ವೈಟ್ ಸಾಕ್ಸ್ ಪ್ರಶಸ್ತಿಗೆ ಸ್ಪರ್ಧಿಸುವ ಸಾಧ್ಯತೆ ತೀರ ಕಡಿಮೆಯಿತ್ತು. ಬದಲಿಗೆ ಬಂದ ನಾಲ್ವರು ಯುವಕರಲ್ಲಿ ಕ್ಯಾಚರ್ (ಪಿಚರ್ ಎಸೆದ ಚೆಂಡನ್ನು ಹಿಡಿಯುವ ಆಟಗಾರ) ಕೈಲ್ ಟೀಲ್ ಮತ್ತು ಚೇಸ್ ಮೈಡ್ರಾತ್ 2025ರಲ್ಲೇ ಮುಖ್ಯ ತಂಡದಲ್ಲಿ ಆಡಿದರು.

ಉತ್ತರ 2:
ಆಟಗಾರರನ್ನು ಮಾರುವುದು ಸುಲಭ, ಬೆಳೆಸುವುದೇ ಕಷ್ಟ. 2016ರಲ್ಲಿ ಇದೇ ತಂಡ ಪಿಚರ್ ಕ್ರಿಸ್ ಸೇಲ್ ಅವರನ್ನು ಇದೇ ಬಾಸ್ಟನ್‌ಗೆ ಕೊಟ್ಟು ಯೋಆನ್ ಮೊಂಕಾಡಾ, ಮೈಕಲ್ ಕೋಪೆಕ್ ಮೊದಲಾದವರನ್ನು ಪಡೆದು, 2020 ಮತ್ತು 2021ರಲ್ಲಿ ಪ್ಲೇಆಫ್ (ಪ್ರಶಸ್ತಿಗಾಗಿ ನಡೆಯುವ ಅಂತಿಮ ಸುತ್ತುಗಳು) ತಲುಪಿದರೂ, ಗಾಯಗಳಿಂದಲೂ ಕೆಳಹಂತದ ತಂಡಗಳಿಂದ ಹೊಸಬರು ಸಾಕಷ್ಟು ಬಾರದಿದ್ದುದರಿಂದಲೂ 2023ರಲ್ಲಿ 101 ಪಂದ್ಯಗಳನ್ನು ಸೋತಿತು. ಆದ್ದರಿಂದ ತರಬೇತುದಾರರು, ಪ್ರತಿಭಾನ್ವೇಷಕರು ಮತ್ತು ಲ್ಯಾಟಿನ್ ಅಮೆರಿಕದ ಯುವ ಆಟಗಾರರ ಆಯ್ಕೆಯ ಮೇಲೆ ಮೊದಲು ಹಣ ಹೂಡಬೇಕು.

ಉತ್ತರ 3:
ಹ್ಯೂಸ್ಟನ್ ಆಸ್ಟ್ರೋಸ್ 2011ರಿಂದ 2013ರವರೆಗೆ ಪ್ರತಿವರ್ಷ ನೂರಕ್ಕೂ ಹೆಚ್ಚು ಪಂದ್ಯಗಳನ್ನು ಸೋತು, 2012ರ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆ) ಮೊದಲಿಗರಾಗಿ ಕಾರ್ಲೋಸ್ ಕೊರೆಯಾ ಅವರನ್ನು ಆರಿಸಿ, 2017ರಲ್ಲಿ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದುದನ್ನು ಹಲವರು ಮಾದರಿಯೆನ್ನುತ್ತಾರೆ. ಆ ಗೆಲುವಿಗೆ ಎದುರಾಳಿ ಕ್ಯಾಚರ್ ಪಿಚರ್‌ಗೆ ನೀಡುವ ಸಂಕೇತಗಳನ್ನು ಕದ್ದ ಕಳಂಕ ಅಂಟಿದೆ ಎಂಬುದು ಬೇರೆ ಮಾತು. ಆದರೆ 2023ರ ಡ್ರಾಫ್ಟಿನಿಂದ ಮೊದಲ ಆರು ಸ್ಥಾನಗಳನ್ನು ಲಾಟರಿ ನಿರ್ಧರಿಸುತ್ತದೆ. ದೊಡ್ಡ ನಗರಗಳ ಶ್ರೀಮಂತ ತಂಡಗಳು ಸತತ ಎರಡು ವರ್ಷ ಅದರಲ್ಲಿ ಆಯ್ಕೆ ಪಡೆಯುವಂತಿಲ್ಲ. ಹೀಗಾಗಿಯೇ 2024ರಲ್ಲಿ ಲಾಟರಿ ಆಯ್ಕೆ ಪಡೆದಿದ್ದ ವೈಟ್ ಸಾಕ್ಸ್‌ಗೆ 121 ಸೋಲುಗಳ ನಂತರವೂ 2025ರಲ್ಲಿ ದಕ್ಕಿದ್ದು ಹತ್ತನೆಯ ಆಯ್ಕೆ.